ಊರಿನ ಕಂಪ್ಯೂಟರನ್ನು ದೂರದಿಂದ ನಡೆಸಲು: ವಿಂಡೋಸ್ ರಿಮೋಟೋ, ಕ್ರೋಮ್ ರಿಮೋಟೋ?

ತೀರ್ಥಹಳ್ಳಿಯ ಮನೆಯಲ್ಲಿ ಅಡಿಕೆ ಲೆಕ್ಕವಿರುವ ಕಂಪ್ಯೂಟರನ್ನು ಬೆಂಗಳೂರಿನಲ್ಲಿ ಕುಳಿತು ನಡೆಸಬೇಕೆನ್ನುವವರು ಮೊದಲು ಅದರಲ್ಲಿ ಯಾವ ವಿಂಡೋಸ್ ಇದೆಯೆಂದು ನೋಡಿಕೊಳ್ಳಬೇಕು. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೊರಗಿನಿಂದ ಬರುವ ಸಂಪರ್ಕವನ್ನು ಪ್ರೊ ಆವೃತ್ತಿ ಸ್ವೀಕರಿಸುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಹೋಮ್ ಆವೃತ್ತಿ ಸ್ವೀಕರಿಸುವುದಿಲ್ಲ. ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ಗೆ ಈ ತೊಡಕಿಲ್ಲ. ಒಂದು ಗೂಗಲ್ ಖಾತೆ, ಕನಿಷ್ಠ 6 ಅಂಕಿಗಳ ಪಿನ್ ಸಾಕು, ಹಣವನ್ನೂ ಕೊಡಬೇಕಿಲ್ಲ.

ನಿಜವಾದ ವ್ಯತ್ಯಾಸವಿರುವುದು ಪರದೆಯಲ್ಲಿ. ಮೈಕ್ರೋಸಾಫ್ಟ್‌ನದರಲ್ಲಿ ನೀವು ಒಳಹೊಕ್ಕ ಕೂಡಲೇ ಮನೆಯ ಪರದೆ ಲಾಕ್ ಆಗುವುದರಿಂದ ಒಬ್ಬರೇ ಕುಳಿತು ಮಾಡುವ ಕೆಲಸಕ್ಕೆ ಅದು ಹೇಳಿಮಾಡಿಸಿದಂತಿದೆ. ಆದರೆ "ಅಪ್ಪಯ್ಯ, ಬಾಣದ ಗುರುತು ಎಲ್ಲಿ ಹೋಗ್ತದೆ ನೋಡಿ" ಎಂದು ತೋರಿಸಿಕೊಡಬೇಕಾದಾಗ ಇಬ್ಬರಿಗೂ ಒಂದೇ ಪರದೆ ಕಾಣಿಸುವ ಕ್ರೋಮ್ ಬೇಕಾಗುತ್ತದೆ. ಹೆಚ್ಚಿನ ಮನೆಗಳಿಗೆ ಅದೇ ಸರಿಯೆಂದು ನನ್ನ ಅಭಿಪ್ರಾಯ.

ಮೈಕ್ರೋಸಾಫ್ಟ್‌ನದನ್ನೇ ಆರಿಸಿದರೂ ಅದಕ್ಕಾಗಿ ರೂಟರ್‌ನಲ್ಲಿ 3389ನೇ ಪೋರ್ಟನ್ನು (ಅದರ ಸಂಪರ್ಕ ಒಳಬರುವ ಬಾಗಿಲನ್ನು) ಇಂಟರ್ನೆಟ್‌ಗೆ ತೆರೆದಿಡಬಾರದು. ಪಾಸ್‌ವರ್ಡ್ ಊಹಿಸುವ ದಾಳಿಗಳು ಹುಡುಕುವುದು ಅದನ್ನೇ, ಆದ್ದರಿಂದ ವಿಪಿಎನ್ (ಇಂಟರ್ನೆಟ್‌ನೊಳಗೇ ಹಾದುಹೋಗುವ ಸುರಕ್ಷಿತ ಖಾಸಗಿ ದಾರಿ) ಮೂಲಕವೇ ಹೋಗಬೇಕು.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಯಂತ್ರ ಆರಿದರೆ ಎರಡೂ ನಿರುಪಯೋಗಿ. ಡೆಸ್ಕ್‌ಟಾಪ್ ಆಗಿದ್ದರೆ, ಕರೆಂಟ್ ಮರಳಿದಾಗ ತಾನಾಗಿಯೇ ಚಾಲೂ ಆಗುವ ಆಯ್ಕೆ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲೇ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಇದೆಯೇ ಎಂದು ಊರಿನಿಂದ ಹೊರಡುವ ಮೊದಲೇ ನೋಡಿ, ರೂಟರಿಗೂ ಒಂದು ಸಣ್ಣ ಯುಪಿಎಸ್ ಹಾಕಿಸಿ.