ಒಂದೇ ಎಂಜಿನ್, ಎರಡು ಕಾರು: ಪುಂಟೋ ಉಳಿಸಿಕೊಂಡೆ, ಸ್ವಿಫ್ಟ್ ಮಾರಿದೆ

ನಮ್ಮದು ಪುಣೆಯ ಕೋಥ್ರೂಡ್‌ನಲ್ಲಿ ಹಳೆಯ ಸೊಸೈಟಿ. ಫ್ಲ್ಯಾಟ್‌ಗೆ ಒಂದೇ ಪಾರ್ಕಿಂಗ್. ಮನೆಯಲ್ಲಿ ಮಾತ್ರ ನಾಲ್ಕು ವರ್ಷದಿಂದ ಎರಡು ಡೀಸೆಲ್ ಕಾರು. ಒಂದು 2012ರ ಫಿಯೆಟ್ ಪುಂಟೋ, 2016ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಇನ್ನೊಂದು 2013ರ ಮಾರುತಿ ಸ್ವಿಫ್ಟ್, ನನ್ನ ಭಾವಮೈದ ಬೆಂಗಳೂರಿಗೆ ಹೋಗುವಾಗ ನಮಗೆ ಕೊಟ್ಟು ಹೋದದ್ದು. ಯಾವುದಾದರೂ ಒಂದು ಯಾವಾಗಲೂ ರಸ್ತೆ ಮೇಲೆ. ಈ ವರ್ಷ ಒಂದನ್ನು ಕೊಟ್ಟುಬಿಡೋಣ ಅಂತ ತೀರ್ಮಾನಿಸಿದೆವು. ಕೇಳಿದವರೆಲ್ಲ ಪುಂಟೋ ಕೊಡು ಎಂದರು. ನಾನು ಸ್ವಿಫ್ಟ್ ಕೊಟ್ಟೆ. ಹಳೆಯ ಡೀಸೆಲ್ ಕಾರು ಹುಡುಕುತ್ತಿರುವವರಿಗೆ ಉಪಯೋಗ ಆಗಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಬಗ್ಗೆ ಹೋಲಿಸಲು ಏನೂ ಇಲ್ಲ. ಎರಡರಲ್ಲೂ ಅದೇ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್. ಮಾಡಿದ್ದು ಫಿಯೆಟ್, ಲೈಸೆನ್ಸ್ ತೆಗೆದುಕೊಂಡು ಸ್ವಿಫ್ಟ್‌ಗೆ ಹಾಕಿದ್ದು ಮಾರುತಿ, 2007ರಿಂದ. 2000 ಆರ್‌ಪಿಎಂ ತನಕ ಎರಡೂ ನಿದ್ದೆಯಲ್ಲಿರುತ್ತವೆ, ಅದು ದಾಟಿದ ಮೇಲೆ ಎರಡೂ ಎದ್ದು ಓಡುತ್ತವೆ.

ವ್ಯತ್ಯಾಸ ಇರುವುದೆಲ್ಲ ಎಂಜಿನ್ ಸುತ್ತ. ನಾವು ವರ್ಷಕ್ಕೆ ಆರೇಳು ಸಲ ಧಾರವಾಡಕ್ಕೆ ಹೋಗುತ್ತೇವೆ. ಇಷ್ಟು ವರ್ಷ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕು, ಬರುವಾಗ ಸುರಂಗ. ಆ ಘಾಟಿನ ತಿರುವಿನಲ್ಲಿ ಪುಂಟೋ ಸ್ಟೀರಿಂಗ್ ಹಿಡಿದು ನೋಡಬೇಕು. ಹೈಡ್ರಾಲಿಕ್ ಸ್ಟೀರಿಂಗ್, ಕೈಗೆ ಸ್ವಲ್ಪ ಭಾರ. ಆದರೆ ಮುಂದಿನ ಚಕ್ರ ಎಲ್ಲಿದೆ, ರಸ್ತೆ ಒದ್ದೆಯಾಗಿದೆಯಾ, ಡಾಂಬರು ಎಲ್ಲಿ ಕಿತ್ತಿದೆ, ಎಲ್ಲ ಅಂಗೈಗೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮುಂದೆ ಕಬ್ಬಿನ ಲಾರಿ, ಹಿಂದೆ ವೋಲ್ವೋ ಬಸ್ಸು ಇದ್ದಾಗಲೂ ನನಗೆ ಎದೆ ಹೊಡೆದುಕೊಂಡಿಲ್ಲ. ಸ್ವಿಫ್ಟ್‌ದು ಎಲೆಕ್ಟ್ರಿಕ್ ಸ್ಟೀರಿಂಗ್. ಊರೊಳಗೆ ಒಂದೇ ಬೆರಳಲ್ಲಿ ತಿರುಗುತ್ತದೆ, ಕರ್ವೆ ರೋಡಿನ ಟ್ರಾಫಿಕ್‌ಗೆ ಅದೇ ಸುಖ. ನನ್ನ ಹೆಂಡತಿಗೆ ಅದೇ ಇಷ್ಟ. ದೂರದ ಪ್ರಯಾಣಕ್ಕೆ ನನಗೆ ಪುಂಟೋನೇ ಬೇಕು. ನಿಪ್ಪಾಣಿ ದಾಟಿ ಬೆಳಗಾವಿ ಕಡೆ ವೇಗ ಹಿಡಿದಾಗ ಅದು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮ ಸಂಕೇಶ್ವರಕ್ಕೇ ನಿದ್ದೆ ಹೋಗುತ್ತಾರೆ.

ಮೈಲೇಜ್: ಪುಂಟೋ ನನಗೆ 17 ಕೊಡುತ್ತದೆ, ಸ್ವಿಫ್ಟ್ 20 ಕೊಡುತ್ತಿತ್ತು. ಇದು ಸ್ವಿಫ್ಟ್‌ನ ಗೆಲುವು.

ಇಷ್ಟು ಒಳ್ಳೆಯ ಕಾರು ಯಾಕೆ ನಿಂತುಹೋಗಿ ಅನಾಥ ಆಯಿತು ಅಂತ ನನಗೆ ಇವತ್ತಿಗೂ ಸಂಕಟ. ನನ್ನ ದೊಡ್ಡಪ್ಪ ಮಾಟುಂಗಾದಲ್ಲಿ ಇದ್ದರು. ಅವರ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಫಿಯೆಟ್ ಲೈಸೆನ್ಸಿನಲ್ಲಿ ಇಲ್ಲೇ ಮಾಡಿದ ಕಾರು ಅದು, ಹೆಸರು ಪದ್ಮಿನಿ ಆದರೂ ಮುಂಬೈಯಲ್ಲಿ ಎಲ್ಲರ ಬಾಯಲ್ಲೂ ಅದು ಫಿಯೆಟ್. ಟ್ಯಾಕ್ಸಿ ಅಂದರೆ ಫಿಯೆಟ್. ಆಮೇಲೆ ಫಿಯೆಟ್‌ನ ಊನೋ ಬಂತು. 2001ರಲ್ಲಿ ಪಾಲಿಯೋ ಬಂತು, ಜಾಹೀರಾತಿನಲ್ಲಿ ಸಚಿನ್. ನಂತರ ಟಾಟಾ ಜೊತೆ ಪಾಲುದಾರಿಕೆ. ನಮ್ಮ ಪುಣೆಯಿಂದ 50 ಕಿಲೋಮೀಟರ್ ದೂರದ ರಾಂಜಣಗಾವ್‌ನಲ್ಲಿ, ಅಷ್ಟವಿನಾಯಕದ ಗಣಪತಿ ಇರುವ ಊರಲ್ಲಿ, ಇಬ್ಬರದೂ ಸೇರಿ ಕಾರ್ಖಾನೆ. 2009ರಲ್ಲಿ ಅಲ್ಲಿಂದಲೇ ಲೀನಿಯಾ, ಪುಂಟೋ ಬಂದವು. ಮಾರುತ್ತಿದ್ದದ್ದು ಟಾಟಾ ಶೋರೂಮ್‌ಗಳಲ್ಲಿ. ಅದೇ ಶೋರೂಮಿನಲ್ಲಿ ಇದೇ ಎಂಜಿನ್ನಿನ ಟಾಟಾ ಇಂಡಿಕಾ ವಿಸ್ಟಾ ಕಡಿಮೆ ಬೆಲೆಗೆ ನಿಂತಿತ್ತು. ಜನ ಯಾವುದನ್ನು ನೋಡುತ್ತಾರೆ ಹೇಳಿ?

2013ರಲ್ಲಿ ಫಿಯೆಟ್ ತನ್ನದೇ ಡೀಲರ್‌ಗಳನ್ನು ಮಾಡಿಕೊಂಡಿತು. 2014ರಲ್ಲಿ ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ಪೂರ್ತಿ ಫಿಯೆಟ್ ಕೈಗೆ ಬಂದು ದೊಡ್ಡ ಕಂಪನಿ ಆಯಿತು. ಮನೆ ದೊಡ್ಡದಾದಂತೆ ಇಲ್ಲಿನ ಫಿಯೆಟ್ ಮೂಲೆ ಸೇರಿತು. ಅದೇ ವರ್ಷ ಪುಂಟೋಗೆ ಹೊಸ ಮುಖ ಕೊಟ್ಟರು, ಮರುವರ್ಷ ಅದರದೇ 145 ಹಾರ್ಸ್‌ಪವರ್‌ನ ಅಬಾರ್ತ್ ಅವತಾರ ತಂದರು. ಆದರೆ ಒಳಗಿನ ಕಾರು ಅದೇ ಹಳೆಯದು. ಬ್ರೆಜಿಲ್‌ಗೆ 2017ರಲ್ಲಿ ಪುಂಟೋ ಜಾಗಕ್ಕೆ ಹೊಸ ಆರ್ಗೋ ಬಂತು, ನಮಗೆ ಬರಲಿಲ್ಲ. ಆ ವರ್ಷ ರಾಂಜಣಗಾವ್‌ನಲ್ಲಿ ಶುರುವಾದದ್ದು ಕ್ರೈಸ್ಲರ್ ಕಡೆಯ ಜೀಪ್ ಕಂಪಾಸ್. ಒಂದೆರಡು ವರ್ಷದಲ್ಲಿ ಪುಂಟೋ, ಲೀನಿಯಾ ಎರಡೂ ನಿಂತವು. ಸ್ವೀಡನ್ನಿನ ಕಾರು ಕಂಪನಿ ಸಾಬ್‌ಗೂ ಹೀಗೇ ಆಗಿತ್ತು. ಜನರಲ್ ಮೋಟಾರ್ಸ್ ಮೊದಲು ಅರ್ಧ ಕೊಂಡಿತು, 2000ದಲ್ಲಿ ಪೂರ್ತಿ ಕೊಂಡಿತು. ಆಮೇಲೆ ಒಂದು ಜಪಾನಿನ ಸುಬಾರು ಕಾರಿಗೂ ಸಾಬ್ ಮುಖ ಹಾಕಿ ಅಮೆರಿಕದಲ್ಲಿ ಮಾರಿದರು. 2010ರಲ್ಲಿ ಬೇರೆಯವರಿಗೆ ಕೊಟ್ಟರು, 2011ರ ಡಿಸೆಂಬರ್‌ನಲ್ಲಿ ಸಾಬ್ ದಿವಾಳಿ. ಅದನ್ನು ಪ್ರೀತಿಸಿ ಓಡಿಸುತ್ತಿದ್ದವರ ಹೊಟ್ಟೆಯುರಿ ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಈಗ ನನ್ನನ್ನು ನಿಜಕ್ಕೂ ಕಾಡಿದ ವಿಷಯಕ್ಕೆ ಬರುತ್ತೇನೆ. ಎಂಜಿನ್ ಅಲ್ಲ, ಗೇರ್ ಅಲ್ಲ. ಪುಂಟೋದ ಎಡಗಡೆಯ ಸೈಡ್ ಮಿರರ್.

ಹೋದ ಗಣಪತಿ ಹಬ್ಬದ ಹಿಂದಿನ ದಿನ ಲಕ್ಷ್ಮೀ ರೋಡಿನಲ್ಲಿ ಒಂದು ಟೆಂಪೋ ಉಜ್ಜಿಕೊಂಡು ಹೋಯಿತು. ಮಿರರ್ ಬುಡಸಮೇತ ಕಿತ್ತು ವೈರಿನಲ್ಲಿ ನೇತಾಡುತ್ತಿತ್ತು. ಸ್ವಿಫ್ಟ್‌ದೂ ಒಮ್ಮೆ ಹೀಗೇ ಒಡೆದಿತ್ತು. ಬೆಳಿಗ್ಗೆ ಫೋನ್ ಮಾಡಿದ್ದೆ, ಸಂಜೆಗೆ ಹೊಸದು ಕೂತಿತ್ತು. ಪುಂಟೋಗೂ ಒಂದು ವಾರ ಆಗಬಹುದು ಅಂದುಕೊಂಡೆ. ನಮ್ಮ ಗ್ಯಾರೇಜಿನವರು ನೋಡಿದ ತಕ್ಷಣ ಹೇಳಿದರು: "ಸಾಹೇಬ, ಗಾಡಿ ಚಾಂಗಲೀ ಆಹೇ, ಪಣ ಸ್ಪೇರ್ ನಾಹೀ." ಗಾಡಿ ಒಳ್ಳೆಯದೇ, ಸ್ಪೇರ್ ಇಲ್ಲ. ಸ್ಪೇರ್ ಅಂಗಡಿಗಳಿರುವ ನಾನಾ ಪೇಠದಲ್ಲಿ ಎರಡು ಶನಿವಾರ ಅಲೆದೆ. ಒಬ್ಬ ಅಂಗಡಿಯವರು ತರಿಸಿಕೊಡುತ್ತೇನೆ ಅಂತ ಅಡ್ವಾನ್ಸ್ ತೆಗೆದುಕೊಂಡರು. ಹದಿನೆಂಟು ದಿನ ಕಾದ ಮೇಲೆ ಡಬ್ಬ ಬಂತು, ಬಿಚ್ಚಿದರೆ ಬಲಗಡೆಯ ಮಿರರ್. ಬದಲಾಯಿಸಿ ಕಳಿಸಿದರು. ಈ ಸಲ ಎಡಗಡೆಯದೇ, ಆದರೆ ಒಳಗಿಂದ ಕಡ್ಡಿ ಹಿಡಿದು ತಿರುಗಿಸುವ ಕಡಿಮೆ ವೇರಿಯಂಟ್‌ದು. ನನ್ನ ಕಾರಿನದು ಮೋಟರ್ ಇರುವುದು. ಬಾಗಿಲಿನಿಂದ ಬರುವ ವೈರಿಗೆ ಸೇರಿಸಲು ಅದರಲ್ಲಿ ಸಾಕೆಟ್ಟೇ ಇಲ್ಲ.

ಅಷ್ಟರಲ್ಲಿ ದಸರಾ ಮುಗಿದಿತ್ತು. ನಾನು ಎಡಗಡೆ ಕಣ್ಣಿಲ್ಲದೆ ಓಡಿಸುತ್ತಿದ್ದೆ. ಪುಣೆಯಲ್ಲಿ ಎಡಗಡೆಯಿಂದ ಸ್ಕೂಟರ್‌ಗಳು ಹೇಗೆ ನುಗ್ಗುತ್ತವೆ ಗೊತ್ತಲ್ವಾ? ಪ್ರತಿ ಸಿಗ್ನಲ್‌ನಲ್ಲೂ ಹೆಂಡತಿ ಕತ್ತು ಹೊರಗೆ ಹಾಕಿ ನೋಡಿ "ಈಗ ಹೋಗಿ" ಅನ್ನಬೇಕಿತ್ತು. ಪುಂಟೋ ಮಾರಿಬಿಡೋಣ ಅಂತ ನನಗೆ ನಿಜವಾಗಿ ಅನ್ನಿಸಿದ್ದು ಆಗಲೇ. ಇಷ್ಟು ಗಟ್ಟಿ ಕಾರು ಅಂಗೈ ಅಗಲದ ಪ್ಲಾಸ್ಟಿಕ್ ಸಿಗದೆ ಮೂಲೆಗೆ ಬೀಳುವುದನ್ನು ನೆನೆದರೆ ಹೊಟ್ಟೆ ಕಲಸುತ್ತಿತ್ತು.

ಕೊನೆಗೆ ದೊಡ್ಡಪ್ಪನ ಮಗ ಹೇಳಿದ, ಮುಂಬೈಯ ಕುರ್ಲಾಗೆ ಬಾ ಅಂತ. ದೊಡ್ಡಪ್ಪನ ಪದ್ಮಿನಿ ಹುಟ್ಟಿದ್ದೂ ಕುರ್ಲಾದಲ್ಲೇ, ಪ್ರೀಮಿಯರ್ ಕಾರ್ಖಾನೆಯಲ್ಲಿ. ಅಲ್ಲಿ ಸಿಎಸ್‌ಟಿ ರೋಡಿನ ಸಾಲು ಅಂಗಡಿಗಳಲ್ಲಿ ಹಳೆಯ ಕಾರು ಬಿಚ್ಚಿ ಮಾರುತ್ತಾರೆ. ನಾಲ್ಕನೆಯ ಅಂಗಡಿಯ ಅಟ್ಟದಿಂದ ಒಬ್ಬ ಹುಡುಗ ಗೋಣಿಚೀಲ ಇಳಿಸಿದ. ಒಳಗೆ ಪುಂಟೋ ಮಿರರ್, ಎಡಗಡೆಯದು, ಮೋಟರ್ ಇರುವುದು, ಬಣ್ಣ ಮಾತ್ರ ಕೆಂಪು. ವೈರನ್ನು ಬ್ಯಾಟರಿಗೆ ತಾಗಿಸಿದ. ಗಾಜು ಜುಂಯ್ ಅಂತ ಮೇಲೆ ಕೆಳಗೆ ಆಡಿತು. 1,800 ರೂಪಾಯಿ. ಬಣ್ಣ ಹೊಡೆಸಲು 600. ಆ ದಿನದ ಖುಷಿ ಹೊಸ ಕಾರು ತಂದ ದಿನಕ್ಕಿಂತ ಕಡಿಮೆ ಇರಲಿಲ್ಲ.

ಅದಕ್ಕೇ ನೇರವಾಗಿ ಹೇಳುತ್ತೇನೆ. ದಿನಾ ಆಫೀಸಿಗೆ ಕಾರು ಬೇಕು, ಒಂದು ದಿನ ನಿಂತರೂ ಕೆಲಸ ಕೆಡುತ್ತದೆ ಅನ್ನುವವರು ಸ್ವಿಫ್ಟ್ ತೆಗೆದುಕೊಳ್ಳಿ. ಮಾರುವಾಗಲೂ ಕಷ್ಟವಿಲ್ಲ. ನಮ್ಮದನ್ನು ನೋಡಲು ಮೊದಲ ದಿನವೇ ಮೂರು ಜನ ಬಂದರು, 2,10,000 ರೂಪಾಯಿಗೆ ಹೋಯಿತು. ಪುಂಟೋಗೆ ನನಗೆ ಬಂದ ದೊಡ್ಡ ಆಫರ್ 70,000. ಆ ದುಡ್ಡಿಗೆ ಅಂಥ ಸ್ಟೀರಿಂಗ್ ಇನ್ನೆಲ್ಲೂ ಸಿಗುವುದಿಲ್ಲ, ಹಾಗಾಗಿ ಕೊಳ್ಳುವವರಿಗೆ ಇದು ಲಾಭದ ಮಾತು. ನನಗೆ ಆಫೀಸಿಗೆ ಮೆಟ್ರೋ ಇದೆ. ಕಾರು ಬೇಕಾಗುವುದು ಊರಿಗೆ ಹೋಗಲು ಮತ್ತು ಭಾನುವಾರಕ್ಕೆ. ತಿಂಗಳುಗಟ್ಟಲೆ ಒಂದು ಪಾರ್ಟ್‌ಗೆ ಕಾಯುವುದು ನನಗೆ ನಡೆಯುತ್ತದೆ. ಎಂಜಿನ್ ಬಗ್ಗೆ ಚಿಂತೆ ಇಲ್ಲ, ಸ್ವಿಫ್ಟ್ ದಯೆಯಿಂದ ಈ ಎಂಜಿನ್ ಬಿಚ್ಚಲು ಗೊತ್ತಿಲ್ಲದ ಮೆಕ್ಯಾನಿಕ್ ಮಹಾರಾಷ್ಟ್ರದಲ್ಲೂ ಇಲ್ಲ, ಧಾರವಾಡದಲ್ಲೂ ಇಲ್ಲ. ಪುಂಟೋಗೆ 2027ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆರ್‌ಟಿಓದಲ್ಲಿ ಮರುನೋಂದಣಿ ಮಾಡಿಸಬೇಕು. ಸ್ವಿಫ್ಟ್ ಮಾರಿದ ದುಡ್ಡಿನಲ್ಲಿ ಅದಕ್ಕೆ ಅಂತ ಒಂದಿಷ್ಟು ತೆಗೆದಿಟ್ಟಿದ್ದೇನೆ.

ಹೋದ ವಾರ ಇನ್ನೊಮ್ಮೆ ಕುರ್ಲಾಗೆ ಹೋಗಿ ಬಂದೆ. ಬಲಗಡೆಯ ಮಿರರ್ ಒಂದು, ಹಿಂದಿನ ಲೈಟು ಎರಡು. ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ.