ಗ್ರಾಫಿಕ್ಸ್ ಕಾರ್ಡ್ ರಿವ್ಯೂ ನಂಬಿ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ರಿವ್ಯೂ ವಿಡಿಯೊದಲ್ಲಿ ಟೆಸ್ಟ್ ಮಾಡಿ ತೋರಿಸಿದ್ದು 16 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರ್ ಒಳಗೆ ಚಿತ್ರ ಬಿಡಿಸುವ ಭಾಗ. ಅದೇ ವಿಡಿಯೊದ ಕೆಳಗಿದ್ದ ಲಿಂಕ್ ಒತ್ತಿದರೆ ಸಿಗುತ್ತಿದ್ದದ್ದು 8 ಜಿಬಿ ಕಾರ್ಡ್. ಎರಡಕ್ಕೂ ಹೆಸರು ಒಂದೇ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ಮನೆಯ ದುಡ್ಡು ಹೋಗಿದ್ದು ಇಲ್ಲೇ. ಸದ್ಯದಲ್ಲೇ ಹೊಸ ಕಂಪ್ಯೂಟರ್ ಕಟ್ಟಿಸಬೇಕು ಅಂತ ಇರುವವರು ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ಕೊನೆಯ ವರ್ಷ. ಥೀಸಿಸ್‌ಗೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟಡದ ಮಾಡೆಲ್ ಮಾಡಿ ರೆಂಡರ್ (ಫೋಟೊದಂಥ ಚಿತ್ರ) ತೆಗೆಯಬೇಕು. ಹಳೆಯ ಕಂಪ್ಯೂಟರ್‌ನಲ್ಲಿ ಅದು ಆಗುತ್ತಿರಲಿಲ್ಲ. ಅಕ್ಕ ಚೀಟಿ ಎತ್ತಿ ದುಡ್ಡು ಕೊಟ್ಟಳು. ಯಾವ ಕಾರ್ಡ್ ತಗೊಳ್ಳುವುದು ಅಂತ ನೋಡುವಾಗ ಈ ರಿವ್ಯೂ ಸಿಕ್ಕಿತು. ತುಂಬಾ ಜನ ನೋಡುವ ಚಾನೆಲ್. ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಆ ಒಬ್ಬರ ಮೇಲೇ ಹೋಗಿ ನಿಲ್ಲುತ್ತದೆ, ಆದರೆ ವಿಷಯ ಅವರೊಬ್ಬರದ್ದಲ್ಲ. ಕಾರ್ಡ್ ಯಾವ ಕಂಪನಿಯದು ಅನ್ನುವುದೂ ಬೇಡ. ಎನ್‌ವಿಡಿಯಾ, ಎಎಂಡಿ ಎರಡೂ ಒಂದೇ ಹೆಸರಿನ ಕಾರ್ಡನ್ನು 8 ಜಿಬಿ, 16 ಜಿಬಿ ಅಂತ ಎರಡು ರೀತಿ ಮಾರುತ್ತವೆ.

ರಿವ್ಯೂನಲ್ಲಿ ಒಂದರ ಹಿಂದೆ ಒಂದು ಗ್ರಾಫ್. ಎಲ್ಲದರಲ್ಲೂ ನೂರು ದಾಟಿದ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳ ಲೆಕ್ಕ. ಓದುವ ಮಕ್ಕಳಿಗೆ, ಗೇಮ್ ಆಡುವವರಿಗೆ, ಎಡಿಟಿಂಗ್ ಮಾಡುವವರಿಗೆ, ಎಲ್ಲರಿಗೂ ಇದೇ ಸರಿ ಅಂದಿದ್ದರು. ಬಜೆಟ್ ಕಡಿಮೆ ಇದ್ದರೆ 8 ಜಿಬಿ ತಗೊಳ್ಳಿ, ಚಿಪ್ ಒಂದೇ ತಾನೇ ಅಂತ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು. ಆ ಒಂದು ಮಾತಿಗೆ ಟೆಸ್ಟ್ ಇರಲಿಲ್ಲ, ಗ್ರಾಫ್ ಇರಲಿಲ್ಲ. ಲಿಂಕ್ ಮಾತ್ರ ಇತ್ತು.

ಕಾರ್ಡ್ ಬಂತು. ಚಿಕ್ಕ ಮಾಡೆಲ್‌ಗಳು ಸರಾಗವಾಗಿ ಓಡಿದವು. ಆಮೇಲೆ ಅವಳು ಥೀಸಿಸ್ ಫೈಲ್ ತೆರೆದಳು. ಅದರಲ್ಲಿ ಅಂಗಳದ ಮರಗಿಡ, ಗಾಜಿನ ಗೋಡೆ, ದೊಡ್ಡ ದೊಡ್ಡ ಟೆಕ್ಸ್‌ಚರ್ (ಮಾಡೆಲ್ ಮೇಲೆ ಅಂಟಿಸುವ ಚಿತ್ರ) ಎಲ್ಲ ಇದ್ದವು. "ಮಾಮ, ರೆಂಡರ್ ಕೊಟ್ಟ ಕೂಡಲೇ ಕಾರ್ಡಿನ ಮೆಮೊರಿ ಸಾಲ್ತಿಲ್ಲ ಅಂತ ನಿಂತೇ ಹೋಗ್ತಿದೆ. ಗಿಡಗಳನ್ನ ತೆಗೆದ್ರೆ ಮಾತ್ರ ಆಗ್ತಿದೆ" ಅಂತ ಫೋನ್ ಮಾಡಿದಳು. ಥೀಸಿಸ್ ಪರೀಕ್ಷೆಯ ಜ್ಯೂರಿ ಹತ್ತಿರ ಬಂದಿತ್ತು. ರಾತ್ರಿಯೆಲ್ಲ ಕೂತು ಟೆಕ್ಸ್‌ಚರ್ ಸಣ್ಣದು ಮಾಡಿ, ಗಿಡ ಕಡಿಮೆ ಮಾಡಿ, ಒಂದೇ ದೃಶ್ಯವನ್ನು ತುಂಡು ತುಂಡಾಗಿ ರೆಂಡರ್ ತೆಗೆದು ಜೋಡಿಸಿದಳು. ಡಿಸೈನ್ ಕಡೆ ಹೋಗಬೇಕಿದ್ದ ಸಮಯ ಪೂರ್ತಿ ಇದಕ್ಕೇ ಹೋಯಿತು. ನನಗೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೆ.

ಮಾರಿದವರನ್ನು ಕೇಳಿದರೆ, ಕಾರ್ಡ್ ಕೆಟ್ಟಿದ್ದರೆ ಬದಲಿ ಕೊಡುತ್ತೇವೆ, ಕೆಟ್ಟಿಲ್ಲವಲ್ಲ ಅಂದರು. ಅದು ನಿಜ. ವಾರಂಟಿ ಇರುವುದು ಕೆಟ್ಟ ಕಾರ್ಡಿಗೆ, ಮೆಮೊರಿ ಸಾಕಾಗದ ಕಾರ್ಡಿಗಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪರಿಚಯದ ಅಂಗಡಿಯವರ ಹತ್ತಿರ ವಿಚಾರಿಸಿದೆ. ಡಬ್ಬಿ ಒಡೆದ 8 ಜಿಬಿ ಕಾರ್ಡಿಗೆ ಅವರು ಹೇಳಿದ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದೆ.

ಆಮೇಲೆ ರಿವ್ಯೂ ಮಾಡಿದವರಿಗೇ ಬರೆದೆ. ಮರ್ಯಾದೆಯಿಂದಲೇ ಉತ್ತರ ಬಂತು. ಕಂಪನಿ ನಮಗೆ ಕಳಿಸಿದ್ದು 16 ಜಿಬಿ, ನಾವು ಅದನ್ನೇ ಟೆಸ್ಟ್ ಮಾಡಿದ್ದೇವೆ, ವಿಡಿಯೊದಲ್ಲಿ ತಪ್ಪು ಅಂಕಿ ಒಂದೂ ಇಲ್ಲ ಅಂತ.

ಈ ಉತ್ತರವನ್ನು ಎಷ್ಟೋ ಸಲ ಓದಿದ್ದೇನೆ. ಅವರು ಹೇಳಿದ್ದು ಸುಳ್ಳಲ್ಲ. ಅಂಕಿಗಳೆಲ್ಲ ಸರಿ ಇವೆ. ಪಕ್ಷಪಾತ ಅಂದರೆ ಕಾಸು ತಗೊಂಡು ಸುಳ್ಳು ಹೇಳುವುದು ಅಂತ ನಾವು ಅಂದುಕೊಂಡಿದ್ದೇವೆ. ಈ ಲೋಕದಲ್ಲಿ ಅದರ ಅಗತ್ಯವೇ ಇಲ್ಲ. ಯಾವ ಕಾರ್ಡ್ ಕಳಿಸಬೇಕು, ಯಾವಾಗ ಕಳಿಸಬೇಕು, ಯಾರಿಗೆ ಕಳಿಸಬೇಕು, ಯಾವ ಸೆಟ್ಟಿಂಗ್ ಹಾಕಿ ನೋಡಬೇಕು ಅನ್ನುವುದನ್ನು ಮಾರುವ ಕಂಪನಿಯೇ ತೀರ್ಮಾನ ಮಾಡಿದರೆ ಸಾಕು. ಪರೀಕ್ಷೆ ಬರೆಯುವ ಹುಡುಗನ ಕೈಗೇ ಪ್ರಶ್ನೆಪತ್ರಿಕೆ ತಯಾರಿಸಲು ಕೊಟ್ಟ ಹಾಗೆ.

ಇದು ನನ್ನ ಊಹೆಯಲ್ಲ. 2025ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಟಿಐ ಅನ್ನುವ ಕಾರ್ಡ್ ಬಿಡುಗಡೆ ಮಾಡಿತು. ಅಮೆರಿಕದಲ್ಲಿ 16 ಜಿಬಿಗೆ 429 ಡಾಲರ್, 8 ಜಿಬಿಗೆ 379 ಡಾಲರ್. ರಿವ್ಯೂ ಮಾಡುವವರ ಕೈಗೆ ಮೊದಲೇ ಬಂದದ್ದು 16 ಜಿಬಿ. 8 ಜಿಬಿ ಬರಲಿಲ್ಲ. ಹಾಗಾಗಿ ಮೊದಲ ದಿನ ಜಗತ್ತು ನೋಡಿದ ಗ್ರಾಫ್‌ಗಳು ಹೆಚ್ಚುಕಡಿಮೆ ಎಲ್ಲ 16 ಜಿಬಿಯವು. ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಚಾನೆಲ್‌ನವರು ಅಂಗಡಿಯಿಂದ 8 ಜಿಬಿ ಕಾರ್ಡ್ ಕೊಂಡು ತಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. 16 ಜಿಬಿಯಲ್ಲಿ ನೀಟಾಗಿ ಓಡುವ ಎಷ್ಟೋ ಗೇಮ್‌ಗಳು 8 ಜಿಬಿಯಲ್ಲಿ ತಡವರಿಸುತ್ತಿದ್ದವು. ಚಿಪ್ ಒಂದೇ. ಮೆಮೊರಿ ತುಂಬಿದ ಮೇಲೆ ಕಾರ್ಡ್ ಕಂಪ್ಯೂಟರ್‌ನ ಸ್ವಂತ ಮೆಮೊರಿಯಾದ ರ‍್ಯಾಮ್‌ಗೆ ಕೈ ಚಾಚಬೇಕು. ಆ ದಾರಿ ತುಂಬಾ ನಿಧಾನ. ಅಲ್ಲೇ ಜರ್ಕ್ ಶುರುವಾಗುತ್ತದೆ.

ಮರು ತಿಂಗಳೇ ಇನ್ನೊಂದು. ಆರ್‌ಟಿಎಕ್ಸ್ 5060 ಕಾರ್ಡ್ ಮೇ 19ಕ್ಕೆ ಮಾರಾಟಕ್ಕೆ ಬಂತು. ಹಲವು ರಿವ್ಯೂವರ್‌ಗಳ ಕೈಯಲ್ಲಿ ಕಾರ್ಡ್ ಇತ್ತು, ಅದನ್ನು ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಇರಲಿಲ್ಲ. ಡ್ರೈವರ್ ಮೊದಲೇ ಸಿಕ್ಕಿದ್ದು ಆಯ್ದ ಕೆಲವರಿಗೆ ಮಾತ್ರ. ಅವರು ಯಾವ ಗೇಮ್, ಯಾವ ಸೆಟ್ಟಿಂಗ್, ಯಾವ ಹಳೆಯ ಕಾರ್ಡಿನ ಜೊತೆ ಹೋಲಿಕೆ ಅನ್ನುವುದಕ್ಕೆಲ್ಲ ಷರತ್ತಿಗೆ ಒಪ್ಪಬೇಕಿತ್ತು. ಅಮೆರಿಕದ ಗೇಮರ್ಸ್ ನೆಕ್ಸಸ್ ಚಾನೆಲ್‌ನ ಸ್ಟೀವ್ ಬರ್ಕ್ ಇದನ್ನೆಲ್ಲ ಬಹಿರಂಗವಾಗಿ ಹೇಳಿದರು. ಫ್ರೇಮ್ ಜನರೇಷನ್ ಅಂಕಿಗಳನ್ನು ಗ್ರಾಫ್‌ಗೆ ಸೇರಿಸಿ ಅಂತ ತಮ್ಮ ಮೇಲೆ ಒತ್ತಡ ಬಂತು ಅಂತಲೂ ಹೇಳಿದರು.

ಈ ಫ್ರೇಮ್ ಜನರೇಷನ್ ಏನು ಅಂತ ಸ್ವಲ್ಪ ನಿಂತು ಹೇಳಬೇಕು. ನಮಗೆ ತೋರಿಸಿದ ನೂರು ದಾಟಿದ ಎಫ್‌ಪಿಎಸ್ ಕೂಡ ಅದರಿಂದಲೇ ಬಂದದ್ದು. ಕಾರ್ಡ್ ಎರಡು ನಿಜವಾದ ಚಿತ್ರ ಬಿಡಿಸುತ್ತದೆ, ನಡುವೆ ಬರುವ ಚಿತ್ರಗಳನ್ನು ಅಂದಾಜಿನಲ್ಲಿ ತಯಾರಿಸಿ ತುಂಬುತ್ತದೆ. 4ಎಕ್ಸ್ ಅಂತ ಹಾಕಿದರೆ ಒಂದು ನಿಜವಾದ ಚಿತ್ರಕ್ಕೆ ಮೂರು ಅಂದಾಜಿನ ಚಿತ್ರ. ಸೆಕೆಂಡಿಗೆ 30 ನಿಜವಾದ ಚಿತ್ರ ಬಿಡಿಸುವ ಕಾರ್ಡ್ ಗ್ರಾಫ್‌ನಲ್ಲಿ 120 ಆಗಿ ಕಾಣುತ್ತದೆ. ನೋಡುವುದಕ್ಕೆ ನುಣುಪು ಬರುತ್ತದೆ, ಸುಳ್ಳಲ್ಲ. ಆದರೆ ನೀವು ಮೌಸ್ ಒತ್ತಿದರೆ ಗೇಮ್ ಸ್ಪಂದಿಸುವುದು 30ರ ವೇಗದಲ್ಲೇ, ಇನ್ನೂ ಒಂಚೂರು ತಡವಾಗಿ. ಮೇಲಾಗಿ ಈ ಕೆಲಸಕ್ಕೇ ಒಂದಿಷ್ಟು ಮೆಮೊರಿ ಬೇಕು. 8 ಜಿಬಿ ಕಾರ್ಡಿನಲ್ಲಿ ಕೊರತೆ ಇರುವುದು ಮೆಮೊರಿಗೇ ಅಲ್ವಾ? ಇನ್ನು ಬ್ಲೆಂಡರ್ ರೆಂಡರ್‌ಗೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಓದುವ ಮಕ್ಕಳಿಗೆ ಇದೇ ಸರಿ ಅಂತ ಹೇಳಿದ ವಿಡಿಯೊದಲ್ಲಿ ಒಂದು ರೆಂಡರ್ ಟೆಸ್ಟ್ ಕೂಡ ಇರಲಿಲ್ಲ.

2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ವೇದಿಕೆಯ ಮೇಲೆ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರ್‌ನ ಆರ್‌ಟಿಎಕ್ಸ್ 5070 ಹಿಂದಿನ ತಲೆಮಾರಿನ 4090 ಕಾರ್ಡಿನ ಸಮಕ್ಕೆ ಓಡುತ್ತದೆ ಅಂದರು. 4090 ಬಂದಾಗ ಅದರ ಬೆಲೆ 1599 ಡಾಲರ್. ಅದರಲ್ಲಿ 24 ಜಿಬಿ ಮೆಮೊರಿ, ಇದರಲ್ಲಿ 12. ಸಮ ಬಂದದ್ದು ಅಂದಾಜಿನ ಚಿತ್ರಗಳನ್ನೂ ಲೆಕ್ಕ ಹಿಡಿದಾಗ ಮಾತ್ರ. ಅದನ್ನು ಬಿಟ್ಟು ಸ್ವತಂತ್ರವಾಗಿ ಅಳೆದವರಿಗೆ ಆ ವೇಗ ಸಿಗಲಿಲ್ಲ.

ಹೇಳಿದ ಹಾಗೆ ಅಳೆಯದಿದ್ದರೆ ಏನಾಗುತ್ತದೆ? 2020ರ ಡಿಸೆಂಬರ್‌ನಲ್ಲಿ ಇದೇ ಹಾರ್ಡ್‌ವೇರ್ ಅನ್‌ಬಾಕ್ಸ್ಡ್‌ಗೆ ಎನ್‌ವಿಡಿಯಾದಿಂದ ಮೇಲ್ ಹೋಯಿತು. ನೀವು ರೇ ಟ್ರೇಸಿಂಗ್‌ಗೆ (ಬೆಳಕು ನೆರಳನ್ನು ನಿಜದ ಹಾಗೆ ಲೆಕ್ಕ ಹಾಕಿ ತೋರಿಸುವ ವಿಧಾನ) ಬೆಲೆ ಕೊಡದೆ ಹಳೆಯ ರೀತಿಯ ವೇಗವನ್ನೇ ಒತ್ತಿ ಹೇಳುತ್ತೀರಿ, ಇನ್ನು ನಿಮಗೆ ನಮ್ಮ ಫೌಂಡರ್ಸ್ ಎಡಿಷನ್ (ಎನ್‌ವಿಡಿಯಾ ತನ್ನ ಹೆಸರಲ್ಲೇ ಮಾರುವ) ಕಾರ್ಡ್ ಕಳಿಸುವುದಿಲ್ಲ, ನಿಮ್ಮ ಧೋರಣೆ ಬದಲಾದರೆ ನೋಡೋಣ ಅನ್ನುವುದು ಅದರ ಸಾರ. ಅವರು ಅದನ್ನು ಹೊರಗೆ ಹೇಳಿದರು. ಬೇರೆ ದೊಡ್ಡ ಚಾನೆಲ್‌ಗಳೂ ಜೊತೆಗೆ ನಿಂತವು. ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಮಾತು ವಾಪಸ್ ತಗೊಂಡಿತು. ಅವರು ದೊಡ್ಡವರು, ಉಳಿದುಕೊಂಡರು. ಚಿಕ್ಕ ಚಾನೆಲ್‌ಗೆ ಇಂಥ ಮೇಲ್ ಬಂದರೆ ಏನಾಗುತ್ತದೆ ಯೋಚಿಸಿ. ಕಾರ್ಡಿನ ರಿವ್ಯೂಗೆ ಜನ ಬರುವುದೇ ಮೊದಲ ದಿನ, ಎರಡನೇ ದಿನ. ಕಂಪನಿಯಿಂದ ಸ್ಯಾಂಪಲ್ ಕಾರ್ಡ್ ಬರದಿದ್ದರೆ ಆ ದಿನ ನಿಮ್ಮ ಹತ್ತಿರ ಹೇಳಲು ಏನೂ ಇರುವುದಿಲ್ಲ. ಯಾರೂ ಬೆದರಿಸಬೇಕಾಗಿಲ್ಲ, ಮುಂದಿನ ಸ್ಯಾಂಪಲ್ ನೆನಪಾದರೆ ಸಾಕು, ಬಾಯಿಗೆ ಬಂದ ಟೀಕೆ ಅರ್ಧ ಒಳಗೇ ಉಳಿಯುತ್ತದೆ.

ಒಂದೇ ಕಂಪನಿಯನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಈಗ ಎಎಂಡಿ ಕೈಯಲ್ಲಿರುವ ಎಟಿಐ ಕಥೆ ಇನ್ನೂ ಹಳೆಯದು. 2001ರಲ್ಲಿ ಅವರ ರೇಡಿಯನ್ 8500 ಕಾರ್ಡಿನ ಡ್ರೈವರ್, ಎಲ್ಲರೂ ಟೆಸ್ಟ್‌ಗೆ ಬಳಸುತ್ತಿದ್ದ ಕ್ವೇಕ್ 3 ಗೇಮನ್ನು ಹೆಸರಿನಿಂದ ಗುರುತು ಹಿಡಿಯುತ್ತಿತ್ತು. ಆಗ ಚಿತ್ರದ ಗುಣಮಟ್ಟ ಇಳಿಸಿ ವೇಗ ಜಾಸ್ತಿ ತೋರಿಸುತ್ತಿತ್ತು. ಫೈಲ್‌ನಲ್ಲಿ ಕ್ವೇಕ್ ಅಂತ ಇದ್ದದ್ದನ್ನು ಕ್ವ್ಯಾಕ್ ಅಂತ ಬದಲಾಯಿಸಿದ ಕೂಡಲೇ ವೇಗ ಬಿದ್ದುಹೋಯಿತು. ಹಾರ್ಡ್‌ಒಸಿಪಿ ಅನ್ನುವ ವೆಬ್‌ಸೈಟ್ ಅದನ್ನು ಹೊರಗೆ ಹಾಕಿತು. 2022ರ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಇನ್ನೊಂದು ಉದಾಹರಣೆ. ಅದಕ್ಕೆ ಬರೀ 4 ಜಿಬಿ ಮೆಮೊರಿ, ಮದರ್‌ಬೋರ್ಡ್ ಜೊತೆ ಮಾಹಿತಿ ಸಾಗಲು ನಾಲ್ಕೇ ಲೇನ್. ಹೊಸ ಬೋರ್ಡ್‌ನಲ್ಲಿ ಹೇಗೋ ನಡೆಯುತ್ತಿತ್ತು, ಹಳೆಯ ಬೋರ್ಡ್‌ಗೆ ಹಾಕಿದರೆ ವೇಗ ತುಂಬಾ ಕುಸಿಯುತ್ತಿತ್ತು. ಅಗ್ಗದ ಕಾರ್ಡ್ ಕೊಳ್ಳುವವರ ಮನೆಯಲ್ಲಿ ಇರುವುದು ಹಳೆಯ ಬೋರ್ಡೇ. ಎರಡರಲ್ಲೂ ಹಾಕಿ ನೋಡಿದವರ ರಿವ್ಯೂ ಓದಿದವರು ಬಚಾವಾದರು.

ಕಾರ್ಡನ್ನು ಉಚಿತವಾಗಿ ಪಡೆದವರೆಲ್ಲ ಮಾರಿಕೊಂಡವರು ಅಂತ ನಾನು ಹೇಳುವುದಿಲ್ಲ. ಮೇಲೆ ಹೆಸರಿಸಿದ ಒಳ್ಳೆಯವರೂ ಸ್ಯಾಂಪಲ್ ತಗೊಳ್ಳುತ್ತಾರೆ. ಬೇಕಾದಾಗ ತಮ್ಮ ದುಡ್ಡಿನಲ್ಲಿ ಅಂಗಡಿಯಿಂದಲೂ ಕೊಳ್ಳುತ್ತಾರೆ. ವ್ಯತ್ಯಾಸ ಅಲ್ಲಿದೆ.

ಹಾಗಾಗಿ ರಿವ್ಯೂ ನೋಡುವಾಗ ನಾನೀಗ ಮೊದಲು ಹುಡುಕುವುದು ಅದರಲ್ಲಿ ಏನಿಲ್ಲ ಅನ್ನುವುದನ್ನು. ನಾನು ಕೊಳ್ಳಬೇಕೆಂದಿರುವ ಜಿಬಿಯ ಕಾರ್ಡನ್ನೇ ಟೆಸ್ಟ್ ಮಾಡಿದ್ದಾರಾ? ಸರಾಸರಿ ಎಫ್‌ಪಿಎಸ್ ಜೊತೆ 1 ಪರ್ಸೆಂಟ್ ಲೋ (ತೀರಾ ನಿಧಾನವಾದ ಗಳಿಗೆಗಳ ಎಫ್‌ಪಿಎಸ್) ಕೊಟ್ಟಿದ್ದಾರಾ? ಜರ್ಕ್ ಗೊತ್ತಾಗುವುದು ಅಲ್ಲಿ, ಸರಾಸರಿ ಅದನ್ನು ಮುಚ್ಚಿಬಿಡುತ್ತದೆ. ಫ್ರೇಮ್ ಜನರೇಷನ್ ಹಾಕದ ಅಂಕಿ ಬೇರೆಯಾಗಿ ಇದೆಯಾ? ನನ್ನ ಕೆಲಸ ರೆಂಡರಿಂಗ್ ಆದರೆ ರೆಂಡರ್ ಟೆಸ್ಟ್ ಎಲ್ಲಿ? ಕಾರ್ಡ್ ಎಲ್ಲಿಂದ ಬಂತು ಅಂತ ಬಾಯಿಬಿಟ್ಟು ಹೇಳಿದರಾ? ಕಂಪನಿ ಯಾವುದೋ ಒಂದು ಮಾಡೆಲ್‌ನ ಸ್ಯಾಂಪಲ್ ಯಾರಿಗೂ ಕೊಟ್ಟಿಲ್ಲ ಅಂದರೆ ಆ ಮಾಡೆಲ್ ಕಡೆ ನಾನು ತಲೆ ಹಾಕುವುದಿಲ್ಲ. ಮೊದಲ ದಿನವೇ ಆರ್ಡರ್ ಮಾಡಬೇಡಿ, ಒಂದೆರಡು ವಾರ ಬಿಡಿ. ಅಷ್ಟರಲ್ಲಿ ಅಂಗಡಿಯಿಂದ ಕೊಂಡು ಅಳೆದವರ ಅಂಕಿಗಳು ಬಂದಿರುತ್ತವೆ. ರಿವ್ಯೂನಲ್ಲಿ ಹೇಳುವ ಡಾಲರ್ ಬೆಲೆಯನ್ನೂ ನೆಚ್ಚಬೇಡಿ. ನಮ್ಮಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿ, ಮೇಲೆ ಅಂಗಡಿಯವರ ಲಾಭವೂ ಸೇರಿ ಬೆಲೆ ಬೇರೆಯೇ ಆಗುತ್ತದೆ. "ದುಡ್ಡಿಗೆ ತಕ್ಕ ಕಾರ್ಡ್" ಅನ್ನುವ ಮಾತು ಆ ಬೆಲೆಯಲ್ಲಿ ನಿಲ್ಲುತ್ತದಾ ಅಂತ ನೀವೇ ನೋಡಬೇಕು.

ನಮ್ಮಲ್ಲಿ ಕಾನೂನೂ ಇದೆ, ಗೊತ್ತಿರುವವರು ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದಾರಿ ತಪ್ಪಿಸುವ ಜಾಹೀರಾತಿಗೆ ಅದನ್ನು ಅನುಮೋದಿಸಿದವರ ಮೇಲೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ದುಡ್ಡು, ಉಚಿತ ವಸ್ತು, ರಿಯಾಯಿತಿ, ಏನು ಪಡೆದಿದ್ದರೂ ಹೇಳಬೇಕು. ವಿಡಿಯೊ ಆದರೆ ವಿಡಿಯೊದ ಒಳಗೇ ಹೇಳಬೇಕು, ಅದೂ ವಿಡಿಯೊದ ಭಾಷೆಯಲ್ಲೇ. ಕೆಳಗಿನ ವಿವರಣೆಯಲ್ಲಿ ಒಂದು ಸಾಲು ತುರುಕಿದರೆ ಸಾಲದು. ನಾವು ನೋಡಿದ ವಿಡಿಯೊದಲ್ಲಿ ಲಿಂಕ್‌ನಿಂದ ಕಮಿಷನ್ ಬರುತ್ತದೆ ಅನ್ನುವ ಮಾತು ವಿವರಣೆಯ ಕೊನೆಯಲ್ಲಿ, ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿತ್ತು.

ನಿಮಗೂ ಹೀಗೇ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಮುಂಚೆ ವಿಡಿಯೊದ ವಿವರಣೆ, ಲಿಂಕ್ ಎಲ್ಲಿಗೆ ಹೋಗುತ್ತದೆ ಅನ್ನುವ ಪುಟ, ಬಿಲ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ಮೇಲ್ ಬರೆದ ಮೇಲೆ ಆ ವಿಡಿಯೊದ ಕೆಳಗಿದ್ದ 8 ಜಿಬಿ ಲಿಂಕ್ ಕಾಣೆಯಾಗಿದೆ. 16 ಜಿಬಿ ಗ್ರಾಫ್‌ಗಳು ಹಾಗೇ ಇವೆ.