ಬಿಸಿಲೂರಿನ ಮಸ್ಟ್ಯಾಂಗ್‌ಗೆ ಯಾವ ಸೂಪರ್‌ಚಾರ್ಜರ್: ನೆತ್ತಿ ಮೇಲಿನದ್ದೋ, ಪಕ್ಕದ್ದೋ?

ದಾವಣಗೆರೆಯಲ್ಲಿಟ್ಟು ಓಡಿಸುವ ಫೋರ್ಡ್ ಮಸ್ಟ್ಯಾಂಗ್ ಜಿಟಿ ಕಾರಿಗೆ ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು) ಹಾಕಿಸುವುದಾದರೆ ಸೆಂಟ್ರಿಫ್ಯೂಗಲ್ ಹಾಕಿಸಿ. ಎಂಜಿನ್ನಿನ ಮುಂಬದಿ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಕೂರುತ್ತದಲ್ಲ, ಅದು. ಇನ್ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಬಿಡುವ ಕೊಳವೆಗಳ ಗುಚ್ಛ) ತೆಗೆದು ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸುವ ಟ್ವಿನ್-ಸ್ಕ್ರೂ ಮತ್ತು ಟಿವಿಎಸ್ ಕೆಟ್ಟವೇನಲ್ಲ (ಇಲ್ಲಿ ಟಿವಿಎಸ್ ಅಂದರೆ ನಮ್ಮ ಮೊಪೆಡ್ ಅಲ್ಲ, ಈಟನ್ ಕಂಪನಿಯ ರೋಟರ್). ತಂಪು ಊರು, ಒಳ್ಳೇ ಪೆಟ್ರೋಲು ಇದ್ದಲ್ಲಿ ಅವುಗಳ ಮುಂದೆ ಸೆಂಟ್ರಿಫ್ಯೂಗಲ್ ಸಪ್ಪೆ ಅನ್ನಿಸುತ್ತದೆ. ನಮ್ಮಲ್ಲಿ ಎರಡಕ್ಕೂ ಬರ.

2016ರಲ್ಲಿ ಇಂಡಿಯಾಕ್ಕೆ ಬಂದ 5.0 ಲೀಟರ್ ವಿ8 ಗಾಡಿ ಇಟ್ಟುಕೊಂಡು ಈ ಮಾತು. ಅದರ ಕಂಪ್ರೆಷನ್ 11:1, ಅಂದರೆ ಮಿಶ್ರಣವನ್ನು ಹನ್ನೊಂದರಲ್ಲೊಂದು ಪಾಲಿಗೆ ಒತ್ತುತ್ತದೆ. ಸೂಪರ್‌ಚಾರ್ಜರ್ ಇಲ್ಲದೆ ಓಡಲೆಂದು ಮಾಡಿದ ಎಂಜಿನ್ನು, ಹಾಗಾಗಿ ಮೇಲಿಂದ ಗಾಳಿ ತುರುಕಿದಷ್ಟೂ ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿಕೊಂಡು ಎಂಜಿನ್ ಬಡಿಯುವುದು) ಹತ್ತಿರವಾಗುತ್ತದೆ.

ನೆತ್ತಿ ಮೇಲಿನ ಕಿಟ್ 2,000 ಆರ್‌ಪಿಎಂನಲ್ಲೇ ಹೆಚ್ಚುಕಡಿಮೆ ಪೂರ್ತಿ ಬೂಸ್ಟ್ (ತುರುಕಿದ ಗಾಳಿಯ ಒತ್ತಡ) ಕೊಡುತ್ತದೆ. ಗಾಂಧಿ ಸರ್ಕಲ್‌ನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಬೆನ್ನು ಸೀಟಿಗೆ ಅಂಟುತ್ತದೆ. ಸೆಂಟ್ರಿಫ್ಯೂಗಲ್‌ನಲ್ಲಿ ಬೂಸ್ಟ್ ಸುಮಾರಾಗಿ ಆರ್‌ಪಿಎಂನ ವರ್ಗದಂತೆ ಏರುತ್ತದೆ: 7,000ಕ್ಕೆ 8 ಪಿಎಸ್‌ಐ ಇದ್ದರೆ 3,500ಕ್ಕೆ ಬರೀ 2. ಊರೊಳಗೆ ಗಾಡಿ ಮೊದಲಿನ ಹಾಗೇ ಇರುತ್ತದೆ, ಕಾಸು ದಂಡವಾಯಿತೇನೋ ಅನ್ನಿಸುತ್ತದೆ. ಆದರೆ ನಿಧಾನ ತಿರುಗುವ ಎಂಜಿನ್ನಿನಲ್ಲಿ ಒತ್ತಡಕ್ಕೆ ಸಿಕ್ಕ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಪುರಸೊತ್ತು ಜಾಸ್ತಿ. ಸಾಧಾರಣ ಪೆಟ್ರೋಲಿಗೆ ಆ ಜಾಗದಲ್ಲಿ ಬೂಸ್ಟ್ ಕಡಿಮೆ ಇರುವುದೇ ಕ್ಷೇಮ. ಕನೆಕ್ಟಿಂಗ್ ರಾಡಿನ ಮೇಲೂ ಅಷ್ಟರಮಟ್ಟಿಗೆ ಭಾರ ಕಡಿಮೆ.

ಇನ್ನು ಬಿಸಿ. ನೆತ್ತಿ ಮೇಲಿನ ಕಿಟ್‌ನಲ್ಲಿ ಇಂಟರ್‌ಕೂಲರ್ (ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವುದು) ಮ್ಯಾನಿಫೋಲ್ಡಿನ ಒಳಗೇ ಇರುತ್ತದೆ, ಅದಕ್ಕೆ ಬೇರೆ ನೀರು, ಬೇರೆ ಪಂಪು, ರೇಡಿಯೇಟರ್ ಮುಂದೆ ಇನ್ನೊಂದು ಹೀಟ್ ಎಕ್ಸ್‌ಚೇಂಜರ್. ಗಾಡಿ ಓಡುತ್ತಿದ್ದರೆ ಸರಿ. ಏಪ್ರಿಲ್ ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ಹತ್ತು ನಿಮಿಷ ತೆವಳಿದರೆ ಆ ನೀರೂ ಬಿಸಿ, ಅದರಡಿಯ ಎಂಜಿನ್ನೂ ಬಿಸಿ. ಒಳಹೋಗುವ ಗಾಳಿ 60 ಡಿಗ್ರಿ ದಾಟಿದ ಮೇಲೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು, ಹಿಂದಕ್ಕೆಳೆಯುತ್ತದೆ, ಕೊಟ್ಟ ದುಡ್ಡಿನ ಪವರ್ ಅಲ್ಲೇ ಕರಗುತ್ತದೆ. ನೀರು ತುಂಬುವಾಗ ಗಾಳಿಗುಳ್ಳೆ ಉಳಿದರೆ ಇನ್ನೂ ಕಷ್ಟ. ಪಂಪ್ ಸದ್ದು ಮಾಡುತ್ತಿರುತ್ತದೆ, ನೀರು ಮಾತ್ರ ತಿರುಗುವುದಿಲ್ಲ. ಸೆಂಟ್ರಿಫ್ಯೂಗಲ್ ಕಿಟ್‌ನ ಇಂಟರ್‌ಕೂಲರ್ ಬಂಪರ್ ಹಿಂದೆ ಇರುತ್ತದೆ, ಗಾಳಿಯಿಂದಲೇ ತಣಿಯುತ್ತದೆ. ಹೆಬ್ಬಾಳು ಟೋಲ್ ದಾಟಿ ಒಂದು ಕಿಲೋಮೀಟರ್ ಓಡಿದರೆ ಸಾಕು, ತಾಪ ಇಳಿದಿರುತ್ತದೆ.

ಈಗ ತಲೆ ಕೆಡಿಸುವ ವಿಷಯಕ್ಕೆ ಬರೋಣ. ಕಿಟ್ ಯಾವುದೇ ಇರಲಿ, ಎಂಜಿನ್ ಹೋಗುವುದು ಹೆಚ್ಚಾಗಿ ಒಂದು ಸಂಖ್ಯೆಯಿಂದ.

ನಮ್ಮ ಬಂಕ್‌ನವರು ಹೇಳುವ ಆಕ್ಟೇನ್ (ಪೆಟ್ರೋಲು ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಆರ್‌ಒಎನ್ ಲೆಕ್ಕದ್ದು. ಅಮೆರಿಕದ ಬಂಕಿನ ಮೇಲಿರುವುದು ಎಕೆಐ, ಅಂದರೆ ಆರ್‌ಒಎನ್ ಮತ್ತು ಎಂಒಎನ್ (ಎಂಜಿನ್ನಿಗೆ ಹೆಚ್ಚು ಕಷ್ಟ ಕೊಟ್ಟು ಅಳೆದದ್ದು) ಎರಡರ ಸರಾಸರಿ. ಒಂದೇ ಪೆಟ್ರೋಲಿಗೆ ಎರಡು ಲೆಕ್ಕದಲ್ಲಿ ನಾಲ್ಕೈದು ಅಂಕಿ ವ್ಯತ್ಯಾಸ ಬರುತ್ತದೆ. ನಮ್ಮ 95 ಅಲ್ಲಿಯ 90-91ಕ್ಕೆ ಸಮ. ಕಿಟ್ ಜೊತೆ ಬರುವ ಟ್ಯೂನ್ ಫೈಲ್ (ಇಸಿಯುಗೆ ತುಂಬುವ ಲೆಕ್ಕ) ಅಲ್ಲಿಯ 93ಕ್ಕೆ ಮಾಡಿದ್ದಾದರೆ ಅದು ಕೇಳುವುದು ನಮ್ಮ ಲೆಕ್ಕದ 98. ಇನ್ನು ಅಂಥ ಫೈಲ್ ಮಾಡಿಕೊಡುವ ದೂರದ ಟ್ಯೂನರ್‌ಗೆ ನೀವು ಬರೀ ‘95’ ಎಂದು ಬರೆದಿರೋ, ಆತ ಅದನ್ನು ರೇಸ್ ಪೆಟ್ರೋಲಿನ ಹತ್ತಿರದ್ದು ಅಂದುಕೊಂಡು ಧಾರಾಳವಾಗಿ ಟೈಮಿಂಗ್ ಕೊಟ್ಟು ಕಳಿಸುತ್ತಾನೆ. ತಪ್ಪು ಯಾರದೂ ಅಲ್ಲ, ಪಿಸ್ಟನ್ ಮಾತ್ರ ನಿಮ್ಮದು.

ಸೂಪರ್‌ಚಾರ್ಜರಿನ ಕೂಗು, ವಿ8ನ ಗುಡುಗು ಸೇರಿದ ಮೇಲೆ ನಾಕಿಂಗ್ ಕಿವಿಗೆ ಬೀಳುವುದಿಲ್ಲ. ನೋಡಬೇಕಾದ್ದು ಸ್ಪಾರ್ಕ್ ಪ್ಲಗ್. ಬಿಚ್ಚಿ, ಬಿಸಿಲಿಗೆ ಹಿಡಿದು, ಬಿಳಿ ಪಿಂಗಾಣಿಯನ್ನು ಭೂತಗಾಜಿನಲ್ಲಿ ನೋಡಿ. ಕರಿ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿದ್ದರೆ ನಾಕಿಂಗ್ ಶುರುವಾಗಿದೆ. ಜೊತೆಗೆ ಸೂಜಿಮೊನೆಯಷ್ಟು ಹೊಳೆಯುವ ಕಣಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆಮೇಲೆ ಗಾಡಿ ಸ್ಟಾರ್ಟ್ ಮಾಡಬೇಡಿ. ಸೂಪರ್‌ಚಾರ್ಜರ್ ಹಾಕಿಸುವಾಗ ಪ್ಲಗ್ ಮೊದಲಿನದ್ದಕ್ಕಿಂತ ಒಂದು ಮೆಟ್ಟಿಲು ತಂಪಿನದ್ದಿರಲಿ, ಗ್ಯಾಪ್ ಸುಮಾರು 0.8 ಮಿ.ಮೀ.

ಇ20 ಇನ್ನೊಂದು ತೊಡಕು. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್, ನಮ್ಮದರಲ್ಲಿ 20%. ಅಂದರೆ ಅಷ್ಟೇ ಗಾಳಿಗೆ ನಾಲ್ಕು ಶೇಕಡಾದಷ್ಟು ಹೆಚ್ಚು ಪೆಟ್ರೋಲು ಬೇಕು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಮೊದಲೇ ಕೊನೆಯ ಮಟ್ಟದಲ್ಲಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಮಿಶ್ರಣ ತೆಳುವಾಗುತ್ತದೆ. ಬಂಕಿನ ಬೋರ್ಡಿನ ಮೇಲೆ ನಂಬಿಕೆ ಬರದಿದ್ದರೆ 100 ಮಿ.ಲೀ. ಅಳತೆ ಜಾಡಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲು ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಕೆಳಗಿನ ಪದರ 28ರ ಆಸುಪಾಸು ನಿಂತರೆ ಎಥನಾಲ್ ಸುಮಾರು 20%. ಟ್ಯೂನರ್‌ಗೆ ಬರೆಯಬೇಕಾದ ಸಾಲು ಇಷ್ಟು: 95 ಆರ್‌ಒಎನ್, 20% ಎಥನಾಲ್, 40 ಡಿಗ್ರಿ ಬಿಸಿಲು, ಸಮುದ್ರಮಟ್ಟದಿಂದ 600 ಮೀಟರ್ ಎತ್ತರ.

ಈ ಸಾಲಿಗೆ ಬರುವ ಉತ್ತರದಲ್ಲೇ ಟ್ಯೂನರ್ ಎಂಥವನು ಅನ್ನುವುದು ತಿಳಿಯುತ್ತದೆ. ‘ಅಣ್ಣಾ, ಫೈಲ್ ರೆಡಿ ಐತಿ, ಅರ್ಧ ಗಂಟೆ ಕೆಲ್ಸ’ ಅಂದವನಿಗೆ ಚಹಾ ಕುಡಿಸಿ ಬಂದುಬಿಡಿ. ಒಳ್ಳೆಯವನು ಮೊದಲು ಇಂಜೆಕ್ಟರ್ ಡೇಟಾ ಕೇಳುತ್ತಾನೆ, ಒಳಹೋಗುವ ಗಾಳಿ ಅಳೆಯುವ ಮಾಸ್ ಸೆನ್ಸರ್ ಎಲ್ಲಿ ಕೂತಿದೆ, ಆ ಪೈಪಿನ ಒಳವ್ಯಾಸ ಎಷ್ಟು ಎನ್ನುತ್ತಾನೆ. ಮೊದಲ ಫೈಲಿನಲ್ಲಿ ಟೈಮಿಂಗ್ ಬೇಕೆಂದೇ ಕಡಿಮೆ ಇಟ್ಟು, ಐಡಲ್ ಮತ್ತು ಕ್ರೂಸ್ (ಒಂದೇ ವೇಗದ ಓಟ) ಲಾಗ್, ಅಂದರೆ ಇಸಿಯುವಿನ ದಾಖಲೆ, ತರಿಸಿಕೊಂಡು, ಟ್ರಿಮ್ (ಇಸಿಯು ತಾನೇ ಮಾಡಿಕೊಂಡ ಪೆಟ್ರೋಲ್ ತಿದ್ದುಪಡಿ) ನೋಡಿ ಎರಡನೆಯದು ಕಳಿಸುತ್ತಾನೆ. ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತವನ್ನು ಪೆಟ್ರೋಲ್ ಲೆಕ್ಕದಲ್ಲಿ 11.5ರಿಂದ 11.8ರ ಆಸುಪಾಸು ಇಡುತ್ತಾನೆ. ಲಾಗ್ ಕೇಳದೆ ಡೈನೋ (ಪವರ್ ಅಳೆಯುವ ಯಂತ್ರ) ಹಾಳೆಯಲ್ಲಿ ಎಷ್ಟು ಕುದುರೆ ಬಂತು ಎಂದಷ್ಟೇ ತೋರಿಸುವ ಅಂಗಡಿ ಬೆಂಗಳೂರಿನದ್ದಾದರೂ ಬೇಡ. ನನಗೆ ಒಗ್ಗುವುದು ಇದು: ಈ ಎಂಜಿನ್ನನ್ನಷ್ಟೇ ಟ್ಯೂನ್ ಮಾಡುವ ಹೊರದೇಶದ ಟ್ಯೂನರ್, ಫಿಟ್ಟಿಂಗ್ ಇಲ್ಲಿ, ಕ್ರೂಸ್ ಲಾಗ್ ಭರಮಸಾಗರದ ಕಡೆ ಹೆದ್ದಾರಿಯಲ್ಲಿ, ಫುಲ್ ಥ್ರಾಟಲ್ ಲಾಗ್‌ಗೆ ಮಾತ್ರ ಬೆಂಗಳೂರಿನಲ್ಲಿ ಎರಡು ಗಂಟೆ ಡೈನೋ ಬಾಡಿಗೆ. ಅದನ್ನು ರಸ್ತೆ ಮೇಲೆ ಮಾಡಬೇಡಿ, ಮೂರನೇ ಗೇರಿನಲ್ಲೇ ವೇಗ 150 ದಾಟುತ್ತದೆ.

ಸಾಮಾನು ತರಿಸುವಾಗ ಅಗ್ಗದ ಇಂಜೆಕ್ಟರ್ ಬೇಡವೇ ಬೇಡ. ಬಾಷ್ ಹೆಸರಿನ ನಕಲಿ ಸಾಕಷ್ಟಿವೆ. ಎಂಟಕ್ಕೂ ಹರಿವಿನ ಪರೀಕ್ಷೆಯ ಹಾಳೆ, ವೋಲ್ಟೇಜಿಗೆ ತಕ್ಕ ಆಫ್‌ಸೆಟ್ (ತೆರೆಯಲು ಹಿಡಿಯುವ ಹೊತ್ತು) ಪಟ್ಟಿ ಕೊಡದವನಿಂದ ಕೊಳ್ಳಬೇಡಿ. ನಮ್ಮದು ಬಲಗೈ ಸ್ಟಿಯರಿಂಗ್, ಆದ್ದರಿಂದ ಅಂಥ ಗಾಡಿಗೆ ಕೂರಿಸಿದ ಫೋಟೋ ಮೊದಲೇ ಕೇಳಿ. ಈ ಪ್ರಶ್ನೆಗೆ ಆಸ್ಟ್ರೇಲಿಯಾದವರು ಬೇಗ ಉತ್ತರಿಸುತ್ತಾರೆ. ಸುಂಕ ಬೀಳುವುದು ಸಾಗಣೆ, ವಿಮೆ ಸೇರಿದ ಬೆಲೆಯ ಮೇಲೆ: ವಾಹನದ ಬಿಡಿಭಾಗವೆಂದು 15% ಮೂಲ ಸುಂಕ, ಆ ಸುಂಕದ ಹತ್ತರಲ್ಲೊಂದು ಸೆಸ್, ಆ ಮೊತ್ತಕ್ಕೆ 18% ಐಜಿಎಸ್‌ಟಿ ಹಾಕಿದರೆ 100 ರೂಪಾಯಿಯ ಮಾಲು 137ಕ್ಕೆ ಕೈಗೆ ಬರುತ್ತದೆ. ವಿಮಾನದಲ್ಲಿ ಡಬ್ಬದ ಗಾತ್ರಕ್ಕೂ ಬಾಡಿಗೆ ಇದೆ. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್ಲು.

ಬೆಲ್ಟ್ ಜಾರುವುದು ಸೆಂಟ್ರಿಫ್ಯೂಗಲ್‌ನ ಹುಟ್ಟುರೋಗ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಏರದೆ ನಿಂತರೆ, ಪುಲ್ಲಿ ಸುತ್ತ ಕಾಡಿಗೆಯಂಥ ರಬ್ಬರ್ ಪುಡಿ ಕಂಡರೆ ಮೊದಲು ಪುಲ್ಲಿಗಳ ನೇರ ನೋಡಿ, ಆಮೇಲೆ ಟೆನ್ಷನರ್. ಬೆಲ್ಟ್ ಬಿಗಿ ಮಾಡಿ ಸರಿಪಡಿಸಲು ಹೋದರೆ ಬೇರಿಂಗ್ ಹೋಗುತ್ತದೆ. ಬೆಲ್ಟ್‌ಗಾಗಿ ಅಮೆರಿಕಕ್ಕೆ ಬರೆಯಬೇಕಿಲ್ಲ. ಎಂಟು ಗೀರಿನದು 8ಪಿಕೆ, ಮುಂದಿನ ಸಂಖ್ಯೆ ಮಿಲಿಮೀಟರ್ ಉದ್ದ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಳತೆ ಹೇಳಿ ವಿಚಾರಿಸಿ.

ಸೆಂಟ್ರಿಫ್ಯೂಗಲ್ ಕಿಟ್‌ನ ಗಾಳಿ ಫಿಲ್ಟರ್ ಕೆಳಗಡೆ ಕೂರುವುದರಿಂದ ಅಕ್ಟೋಬರ್-ನವೆಂಬರ್‌ನಲ್ಲಿ ಎಚ್ಚರ. ಸರ್ವೀಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿದಾಗ ಹೊಟ್ಟು ಹೋಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ತೊಳೆದು ಎಣ್ಣೆ ಜಾಸ್ತಿ ಹಚ್ಚಿದರೆ ಮಾಸ್ ಸೆನ್ಸರಿನ ತಂತಿಗೆ ಅಂಟಿ ರೀಡಿಂಗ್ ಸುಳ್ಳಾಗುತ್ತದೆ.

ಟರ್ಬೊ? ಅದು ತಿರುಗುವುದು ಹೊಗೆಯ ರಭಸಕ್ಕೆ, ಎಕ್ಸಾಸ್ಟ್ ಪೂರ್ತಿ ಹೊಸದಾಗಿ ಬೆಸೆಯಬೇಕು, ಈ ಬಿಸಿಲಿಗೆ ಬೇಡ. ಇನ್ಶೂರೆನ್ಸ್‌ಗೆ, ಆರ್‌ಟಿಒಗೆ ತಿಳಿಸದೆ ಹಾಕಿಸಿದರೆ ಮುಂದೆ ಕ್ಲೇಮ್ ಹೊತ್ತಿಗೆ ಗೋಳು.

ನನ್ನ ಓಡಾಟ ಬಹುಪಾಲು ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿಗೆ. ಊರೊಳಗಿನ ಜಿಗಿತಕ್ಕಿಂತ ಲಾರಿ ದಾಟುವಾಗಿನ ಎಳೆತ ಮುಖ್ಯ. ಹಾಗಾಗಿ 6-7 ಪಿಎಸ್‌ಐಗೆ ದೊಡ್ಡ ಪುಲ್ಲಿ ಹಾಕಿದ ಸೆಂಟ್ರಿಫ್ಯೂಗಲ್ ಸಾಕು. ನೆತ್ತಿ ಮೇಲಿನ ಕಿಟ್‌ಗೆ ಹೋಲಿಸಿದರೆ ಉಳಿಯುವ ಹಣಕ್ಕೆ ಬೇರೆ ಕೆಲಸ ಇದೆ. ಈ ಎಂಜಿನ್ನಿನ ಆಯಿಲ್ ಪಂಪ್ ಗೇರು ಲೋಹದ ಪುಡಿ ಒತ್ತಿ ಮಾಡಿದ್ದು, ಸೂಪರ್‌ಚಾರ್ಜರ್ ಹಾಕಿದ ಮೇಲೆ ರೆವ್ ಲಿಮಿಟರ್‌ಗೆ (ಆರ್‌ಪಿಎಂನ ಮೇಲ್ಮಿತಿಗೆ) ಪದೇಪದೇ ಬಡಿದರೆ ಒಡೆಯುತ್ತದೆ. ಕಿಟ್ ಕೂರಿಸಲು ಮುಂಭಾಗ ಬಿಚ್ಚಿದಾಗಲೇ ಟೈಮಿಂಗ್ ಕವರ್ ಇಳಿಸಿ ಬಿಲೆಟ್ ಗೇರ್ (ಗಟ್ಟಿ ಉಕ್ಕಿನ ತುಂಡಿನಿಂದ ಕೊರೆದದ್ದು) ಹಾಕಿಸಿ, ಕ್ರ್ಯಾಂಕ್ ಪುಲ್ಲಿಗೆ ಹೊಸ ಬೋಲ್ಟ್ ತರಿಸಿಡಿ. ಒಮ್ಮೆ ಬಿಗಿದು ಬಿಚ್ಚಿದ ಬೋಲ್ಟ್ ಮತ್ತೆ ಬಳಸುವಂತಿಲ್ಲ.